ದೂರ ಅಳೆಯುವ ದುರ್ಬೀನು

ಎಷ್ಟು ದೂರಕ್ಕೆ ಗುಂಡು ಹೊಡೆಯುತ್ತೀರಿ ಎಂದು ಅಂಗಡಿಯವನು ಕೇಳಿದ. ಇನ್ನೂರು ಗಜ, ಅದರ ಮೇಲೆ ಒಂದು ಗೇಣೂ ಇಲ್ಲ ಎಂದೆ. ಅವನು ತಲೆಯಾಡಿಸಿ, ಗಾಜಿನ ಕಪಾಟು ತೆಗೆದು, ನಾಲ್ಕು ಸಾವಿರ ಗಜ ಅಳೆಯುವ ದುರ್ಬೀನನ್ನು ನನ್ನ ಕೈಗಿಟ್ಟ. ಅಲ್ಲಯ್ಯಾ, ನಾಲ್ಕು ಸಾವಿರ ಗಜದಾಚೆ ಯಾವ ಜಿಂಕೆ ನನಗೋಸ್ಕರ ಕಾದು ನಿಂತಿದೆ? ಆಮೇಲೆ ಪೆಟ್ಟಿಗೆಯ ಬದಿಯ ಸಣ್ಣಕ್ಷರ ಓದಿದೆ. ಆ ನಾಲ್ಕು ಸಾವಿರ ಫಳಫಳ ಹೊಳೆಯುವ ತಗಡಿನ ಫಲಕಕ್ಕಂತೆ. ಜಿಂಕೆಗೆ ಎಷ್ಟು ಎಂಬುದನ್ನು ಇನ್ನೂ ಸಣ್ಣ ಅಕ್ಷರದಲ್ಲಿ ಹಾಕಿದ್ದರು. ನನಗೆ ಅಲ್ಲೇ ರೇಗಿಹೋಯಿತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನೋಡುವುದಕ್ಕೆ ಇದು ಮಾಮೂಲಿ ಬೈನಾಕ್ಯುಲರ್ರೇ. ಮೇಲೊಂದು ಗುಂಡಿ ಇರುತ್ತದೆ. ಒತ್ತಿದರೆ ಕಣ್ಣಿಗೆ ಕಾಣದ ಲೇಸರ್ ಕಿರಣ ಹೊರಟು, ಎದುರಿನ ಜಿಂಕೆಗೋ ಬಂಡೆಗೋ ತಾಗಿ ವಾಪಸ್ಸು ಬರುತ್ತದೆ. ಎಷ್ಟು ದೂರ ಎಂಬ ಅಂಕಿ ನಾವು ನೋಡುತ್ತಿರುವ ಚಿತ್ರದೊಳಗೇ ಮೂಡುತ್ತದೆ. ಹಿಂದಿನ ವರ್ಷ ನನ್ನ ಬಳಿ ನೋಡುವುದು ಬೇರೆ, ಅಳೆಯುವುದು ಬೇರೆ ಇದ್ದವು. ನೋಡುವುದನ್ನು ಇಳಿಸಿ, ಜೇಬಿಗೆ ಕೈಹಾಕಿ ಅಳೆಯುವುದನ್ನು ತೆಗೆದು, ಮತ್ತೆ ಜಿಂಕೆ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಅದು ಗುಡ್ಡದಾಚೆ ಇಳಿದಿತ್ತು. ಪಕ್ಕದಲ್ಲಿ ಮಗಳು ರೈಫಲ್ಲು ಹಿಡಿದು ಕೂತೇ ಇದ್ದಳು. ಎರಡೂ ಒಂದರಲ್ಲೇ ಇರುವ ಯಂತ್ರ ಕೊಳ್ಳಲೇಬೇಕೆಂದು ಅವತ್ತೇ ತೀರ್ಮಾನಿಸಿದೆ.

ಬೇಟೆ ನನಗೆ ಊರು ಬಿಟ್ಟು ಈ ದೇಶಕ್ಕೆ ಬಂದ ಮೇಲೆ ಅಂಟಿದ ಹುಚ್ಚು. ಹೆಂಡತಿಗೆ ಅದರ ಗಂಧವೇ ಆಗದು. ಮಗಳು ಮಾತ್ರ, ಅದೇನು ಅನ್ನಿಸಿತೋ, ನನ್ನ ಜೊತೆ ತರಗತಿಯಲ್ಲಿ ಕೂತು, ಪರೀಕ್ಷೆ ಬರೆದು ಲೈಸೆನ್ಸು ತೆಗೆದುಕೊಂಡಳು. ಅವಳದೊಂದು ನಿಯಮ. ದೂರ ಎಷ್ಟೆಂದು ಖಚಿತವಾಗಿ ಗೊತ್ತಿಲ್ಲದೆ ರೈಫಲ್ಲಿನ ಕುದುರೆ ಎಳೆಯುವುದಿಲ್ಲ. ಅಂದಾಜಿಗೆ ಹೊಡೆದು, ಗಾಯಗೊಂಡ ಪ್ರಾಣಿ ಪೊದೆ ಸೇರಿ ಸಾಯುವುದನ್ನು ನೆನೆಸಿಕೊಂಡರೇ ಅವಳ ಮುಖ ಬಿಳಿಚುತ್ತಿತ್ತು. ನಾನೂ ಒಪ್ಪಿಕೊಂಡಿದ್ದೆ.

ಈ ವರ್ಷ ಅವಳು ಹದಿನೆಂಟು ದಾಟಿದಳು. ಕಾಲೇಜಿಗೆಂದು ದೇಶದ ಆ ತುದಿಗೆ ಹೊರಟು ನಿಂತಳು. ನಮ್ಮ ಕಡೆಯ ಗುಡ್ಡಗಳಲ್ಲಿ ಜಿಂಕೆ ಬೇಟೆ ಶುರುವಾಗುವುದೇ ಆಗಸ್ಟಿನ ನಡುವೆ. ಅವಳ ವಿಮಾನ ಆಗಸ್ಟಿನ ಕೊನೆಗೆ. ನಮಗೆ ಸಿಗುತ್ತಿದ್ದದ್ದು ಎರಡು ವಾರಾಂತ್ಯ. ಅಲ್ಲಿಗೆ ಹೋದ ಮೇಲೆ ರಜಕ್ಕೆ ಬಂದರೂ ಚಳಿಗಾಲದಲ್ಲೇ ಬರುವವಳು. ಆಗ ಬೇಟೆಯೂ ಇಲ್ಲ, ಗುಡ್ಡಕ್ಕೆ ಅಪ್ಪನ ಜೊತೆ ಬಾ ಅಂದರೆ ಬರುವ ವಯಸ್ಸೂ ಇರುವುದಿಲ್ಲ. ಅವಳ ಮೊದಲ ಜಿಂಕೆ ನನ್ನ ಪಕ್ಕದಲ್ಲೇ ಆಗಬೇಕು ಎಂಬ ಆಸೆ ನನಗೆ. ಅದಕ್ಕೆಂದೇ ಜೂನ್ ತಿಂಗಳಿನಿಂದ ದುರ್ಬೀನು ಹುಡುಕಲು ಶುರುಮಾಡಿದ್ದು.

ಮಾಡಿದ ತಪ್ಪೆಂದರೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದು. ಎಲ್ಲರೂ ಇಂಜಿನಿಯರುಗಳೇ. ಒಬ್ಬರೂ ಬೇಟೆಗೆ ಹೋದವರಲ್ಲ. ಫಾಸ್ಟರ್ ಸಿಟಿಯ ಗೆಳೆಯನಂತೂ ಮೊಟ್ಟೆಯ ವಾಸನೆ ಬಂದರೆ ಎದ್ದುಹೋಗುವವನು. ಅವನು ಗಾಜಿನ ಲೇಪನದ ಮೇಲೆ ನನಗೆ ಅರ್ಧ ಗಂಟೆ ಪಾಠ ಹೇಳಿದ.

"ಲೋ, ನೀನು ರಿವ್ಯೂ ಸರಿಯಾಗಿ ಓದಿಲ್ಲ. ಅದ್ರ ಮುಂದಿನ ಮಾಡೆಲ್ಲು ಬರ್ತಿದೆ, ಸ್ವಲ್ಪ ತಡ್ಕೋ."

"ಮಗಳು ತಡ್ಕೋಬೇಕಲ್ಲ ಮಾರಾಯ!"

ತಡೆದುಕೊಳ್ಳದೆ ಮೊದಲನೆಯದನ್ನು ತಂದೆ. ಅಂಕಿಗಳು ಕಪ್ಪು ಬಣ್ಣದವು. ಬಿಸಿಲಿನಲ್ಲಿ ಸೊಗಸಾಗಿ ಕಂಡವು. ಓಕ್ ಮರದ ನೆರಳಿನಲ್ಲಿ, ಬೆಳಗಿನ ಮಬ್ಬಿನಲ್ಲಿ, ಕಪ್ಪಿನ ಮೇಲೆ ಕಪ್ಪು, ಏನೂ ಇಲ್ಲ. ಜಿಂಕೆ ಇರುವುದೇ ಅಲ್ಲಿ, ಆ ಹೊತ್ತಿನಲ್ಲಿ. ವಾಪಸ್ಸು ಕೊಟ್ಟೆ. ಎರಡನೆಯದರಲ್ಲಿ ಕೆಂಪು ಅಂಕಿ, ಚೆನ್ನಾಗಿತ್ತು. ಆದರೆ ಕನ್ನಡಕ ಹಾಕಿಕೊಂಡು ನೋಡಿದರೆ ಬೀಗದ ತೂತಿನಿಂದ ನೋಡಿದ ಹಾಗೆ ನಡುವಿನ ಚೂರು ಮಾತ್ರ ಕಾಣುತ್ತಿತ್ತು. ಕನ್ನಡಕ ತೆಗೆದರೆ ಎದುರಿಗಿರುವುದು ಜಿಂಕೆಯೋ ಮೇಲ್‌ಬಾಕ್ಸೋ ಎಂಬ ಅನುಮಾನ. ಅದೂ ವಾಪಸ್ಸು.

ಮೂರನೆಯದು ನನ್ನ ಹೊಟ್ಟೆ ಉರಿಸಿದ್ದು ಅಷ್ಟಿಷ್ಟಲ್ಲ. ಪ್ಲೆಸೆಂಟನ್ನಿನ ನಮ್ಮ ಮನೆಯ ಹಿಂದಿನ ಗುಡ್ಡ ಹತ್ತಿ, ದೂರದ ನೀರಿನ ಟ್ಯಾಂಕಿಗೆ ಗುರಿ ಹಿಡಿದು ಗುಂಡಿ ಒತ್ತಿದೆ. ಹದಿನೇಳು ಗಜ ಎಂದಿತು. ಮತ್ತೆ ಒತ್ತಿದೆ, ಮತ್ತೆ ಹದಿನೇಳು. ನೋಡಿದರೆ ಮುಂದೆ ಒಣಗಿ ನಿಂತ ಹುಲ್ಲಿನ ಕಡ್ಡಿಯನ್ನು ಅಳೆಯುತ್ತಿದೆ! ಗಾಲ್ಫ್ ಆಡುವವರಿಗೆ ಮಾಡಿದ್ದಂತೆ, ಹತ್ತಿರದ್ದನ್ನೇ ಮೊದಲು ಹಿಡಿಯುತ್ತದಂತೆ. ಈ ಊರಿನ ಬೇಸಿಗೆಯಲ್ಲಿ ಗುಡ್ಡದ ತುಂಬ ಹುಲ್ಲಲ್ಲದೆ ಮತ್ತೇನಿರುತ್ತದೆ?

"ಮಗಳಿಗೆ ಗಂಡು ನೋಡೋಕೂ ನೀವು ಇಷ್ಟು ಅಳೆದೂ ಸುರಿದೂ ಮಾಡಲ್ಲ ಬಿಡಿ," ಎಂದಳು ಹೆಂಡತಿ.

ಮೂರನೆಯದನ್ನು ಹಿಂತಿರುಗಿಸಲು ಹೋದದ್ದು ಬೇಟೆ ಶುರುವಾದ ಶನಿವಾರ. ಬೆಳಿಗ್ಗೆ ಮಗಳು ಬೂಟು ಕಟ್ಟಿಕೊಂಡು ಕೆಳಗೆ ಬಂದಿದ್ದಳು. "ಹಳೇದು ಓಕೆ ಅಪ್ಪಾ. ಹೋಗೋಣ," ಎಂದಳು. ಹಳೆಯದರಲ್ಲಿ ಮತ್ತೆ ಹಳೆಯ ಪಾಡೇ ಆಗುತ್ತದೆ, ಮುಂದಿನ ವಾರ ಸರಿಯಾದದ್ದು ತಂದು ಹೋಗೋಣ ಎಂದು ನಾನು ಕಾರು ಹತ್ತಿದೆ. ಅಂಗಡಿಯವನಿಗೂ ನನಗೂ ವಾದವಾಗಿ ಮಧ್ಯಾಹ್ನವೇ ಆಯಿತು. ಭಾನುವಾರ ಮಗಳ ಸ್ನೇಹಿತೆಯರ ಬೀಳ್ಕೊಡುಗೆ. ಅಲ್ಲಿಗೆ ಒಂದು ವಾರಾಂತ್ಯ ಮುಗಿಯಿತು.

ನಾಲ್ಕನೆಯದು ಶುಕ್ರವಾರ ಸಂಜೆ ಬಾಗಿಲಿಗೆ ಬಂತು. ಹಿತ್ತಲಿನಲ್ಲಿ ನಿಂತು ಒತ್ತಿದೆ. ಬೇಲಿ, ಪಕ್ಕದ ಮನೆಯ ಚಿಮಣಿ, ಗುಡ್ಡದ ಮೇಲಿನ ಒಂಟಿ ಮರ, ಎಲ್ಲಕ್ಕೂ ಅಂಕಿ ಪಟಪಟನೆ ಬಂತು. ಕನ್ನಡಕದಲ್ಲೂ ಪೂರ್ತಿ ಕಂಡಿತು. ನನಗೆ ಕುಣಿಯುವಷ್ಟು ಖುಷಿ.

ಮಂಡ್ಯದಿಂದ ಬಂದು ನಮ್ಮ ಜೊತೆ ಬೇಸಿಗೆ ಕಳೆಯುತ್ತಿದ್ದ ಅವ್ವ ಅಡುಗೆಮನೆಯಿಂದಲೇ ಕೂಗಿದಳು. "ಹೊಸಾ ವಸ್ತ ಕಣ್ಲಾ, ಪೂಜೆ ಮಾಡ್ದೆ ಈಚೆಗೆ ತಗೋಬ್ಯಾಡ. ಇಲ್ಕೊಡು."

ಕಾರಿನಿಂದ ಮಿಕ್ಸಿಯವರೆಗೆ ನಮ್ಮ ಮನೆಗೆ ಬಂದ ಯಾವ ವಸ್ತುವೂ ಕುಂಕುಮ ಇಲ್ಲದೆ ಕೆಲಸ ಶುರುಮಾಡಿದ್ದಿಲ್ಲ. ಇಲ್ಲವೆನ್ನಲು ನನಗೂ ಮನಸ್ಸಾಗಲಿಲ್ಲ. ಆದರೆ ಕಟ್ಟುನಿಟ್ಟಾಗಿ ಹೇಳಿದೆ: "ಅವ್ವಾ, ಈ ಎರಡು ಗಾಜು ಇದಾವಲ್ಲ, ಇವಕ್ಕೆ ಮಾತ್ರ ಏನೂ ತಾಗಿಸ್ಬೇಡ."

"ಅಷ್ಟೂ ತಿಳಿಯಾಕಿಲ್ವಾ ನಂಗೆ? ಮಗಾ ದೂರಕ್ಕೆ ಹೊಂಟದೆ, ಅದ್ರ ಕೈಯಾಗೆ ಒಂದ್ ಶುಭ ಆಗ್ಲಿ. ಸಾರಿಗೆ ಮಸಾಲೆನೂ ರುಬ್ಬಿಡ್ತೀನಿ."

ಪೂಜೆಯಾದ ಮೇಲೆ ಮಗಳು ಅದನ್ನು ಎದೆಗೆ ಕಟ್ಟಿಕೊಳ್ಳುವ ಚೀಲದಲ್ಲಿ ಹಾಕಿಟ್ಟಳು.

ಬೆಳಗಿನ ಜಾವ ಹೊರಟು, ಗಿಲ್‌ರಾಯ್ ದಾಟಿ, ಪರಿಚಯದವರೊಬ್ಬರ ದನದ ಹುಲ್ಲುಗಾವಲಿನ ಗೇಟು ತೆಗೆದು ಗುಡ್ಡ ಹತ್ತಿದೆವು. ನನ್ನ ಕುತ್ತಿಗೆಯಲ್ಲಿ ಹಳೆಯ ದುರ್ಬೀನು, ಅವಳ ಎದೆಯ ಮೇಲೆ ಹೊಸತು. ದೂರ ಅಳೆಯುವ ಹಳೆಯ ಯಂತ್ರ ಇನ್ನೇಕೆಂದು ಮನೆಯಲ್ಲೇ ಬಿಟ್ಟಿದ್ದೆ. ಬೆಳಕು ಹರಿದು ಸ್ವಲ್ಪ ಹೊತ್ತಿಗೇ ಎದುರಿನ ಇಳಿಜಾರಿನಲ್ಲಿ ಜಿಂಕೆ ಕಂಡಿತು. ಗಂಡು. ಕೊಂಬು ಕವಲೊಡೆದಿರಬೇಕು ಎಂಬುದು ಇಲ್ಲಿಯ ಕಾನೂನು. ಮಗಳು ನೋಡಿ, ಒಡೆದಿದೆ ಎಂದು ಎರಡು ಬೆರಳು ತೋರಿಸಿದಳು. ಅದು ನಮಗೆ ಅಡ್ಡಲಾಗಿ ನಿಂತು ನೆಮ್ಮದಿಯಾಗಿ ಮೇಯುತ್ತಿತ್ತು. ಇಂಥ ಗಳಿಗೆ ಜನ್ಮದಲ್ಲಿ ಎಷ್ಟು ಸಲ ಸಿಗುತ್ತದೆ!

ಅವಳು ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. "ನಂಬರ್ ಬರ್ತಿಲ್ಲ ಅಪ್ಪಾ."

ಕಿತ್ತುಕೊಂಡು ನಾನೂ ಒತ್ತಿದೆ. ಅಂಕಿಯ ಜಾಗದಲ್ಲಿ ಮೂರು ಅಡ್ಡಗೆರೆ. ಜಿಂಕೆಗೆ ಅಡ್ಡಗೆರೆ, ಬಂಡೆಗೆ ಅಡ್ಡಗೆರೆ, ಪಕ್ಕದ ಮರಕ್ಕೂ ಅಡ್ಡಗೆರೆ. ಸೆಟ್ಟಿಂಗು ಬದಲಿಸಿದೆ, ಬ್ಯಾಟರಿ ತೆಗೆದು ಹಾಕಿದೆ, ಮನಸ್ಸಿನಲ್ಲೇ ಬಾಯಿಗೆ ಬಂದದ್ದೆಲ್ಲ ಬೈದೆ.

"ನೂರೆಂಬತ್ತು ಇರತ್ತೆ, ಹೊಡಿ ಪುಟ್ಟಾ," ಎಂದು ಪಿಸುಗುಟ್ಟಿದೆ.

"ಶೂರ್?"

"ಇನ್ನೂರು... ಹೆಚ್ಚು ಅಂದ್ರೆ ಇನ್ನೂರೈವತ್ತು."

ಅವಳು ನನ್ನನ್ನೊಮ್ಮೆ ನೋಡಿ, ರೈಫಲ್ಲನ್ನು ಕೆಳಗಿಟ್ಟಳು. ಜಿಂಕೆ ತಲೆಯೆತ್ತಿತು, ನಾಲ್ಕು ಹೆಜ್ಜೆ ನಡೆಯಿತು, ಏರು ದಾಟಿ ಮರೆಯಾಯಿತು.

ಟೋಪಿ ತೆಗೆದು ನೆಲಕ್ಕೆ ಬಡಿದೆ. ಮೂರು ತಿಂಗಳು ತಲೆ ಚಚ್ಚಿಕೊಂಡು ಆರಿಸಿದ್ದಕ್ಕೆ ಇದೇನಾ ಫಲ! ಕಂಪನಿಯವರಿಗೂ, ಗುಂಪಿನವರಿಗೂ, ರಿವ್ಯೂ ಬರೆದವರಿಗೂ ಹಿಡಿಶಾಪ ಹಾಕುತ್ತಾ ಅದನ್ನು ತಿರುಗಿಸಿ ಮುಂದಿನಿಂದ ನೋಡಿದೆ. ಎರಡು ದೊಡ್ಡ ಗಾಜುಗಳು ನೀರಿನಷ್ಟು ಶುಭ್ರವಾಗಿದ್ದವು. ಅವೆರಡರ ನಡುವೆ, ಹುಬ್ಬುಗಳ ಮಧ್ಯೆ ಇಟ್ಟ ಹಾಗೆ, ದುಂಡಗೆ ಗಂಧ, ಅದರ ಮೇಲೆ ಕುಂಕುಮ, ಒಣಗಿ ಗಟ್ಟಿಯಾಗಿತ್ತು. ಅದು ಬರೀ ರಬ್ಬರಿನ ಜಾಗವಲ್ಲ. ಲೇಸರ್ ಹೊರಡುವ ಪುಟ್ಟ ಕಿಟಕಿ ಇರುವುದೇ ಅಲ್ಲಿ. ನಾಲ್ಕು ಯಂತ್ರಗಳ ಹಣೆಬರಹ ಓದಿದ ನಾನು, ಅವ್ವನಿಗೆ ಹೇಳಿದ್ದು ಎರಡು ಗಾಜು ಎಂದು. ಅವಳು ಹೇಳಿದ ಮಾತು ಮೀರಿರಲಿಲ್ಲ.

ನಗಬೇಕಾಗಿತ್ತೇನೋ. ನನಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಹಳೆಯ ದುರ್ಬೀನನ್ನು ಮಗಳ ಕೈಗೆ ತಳ್ಳಿ, ಬಂಡೆಯ ಮೇಲೆ ಕೂತು, ಬಾಟಲಿಯ ನೀರು ಹಾಕಿ, ಅಂಗಿಯ ತುದಿಯಿಂದ ಉಜ್ಜತೊಡಗಿದೆ. ಗಂಧ ಕರಗಿತು, ಅಂಚಿನ ಕುಂಕುಮ ಹೋಗಲೊಲ್ಲದು. ಅವಳು ತುಸು ಕೆಳಗೆ, ಓಕ್ ಮರದಡಿ ಹೋಗಿ ಕೂತಳು.

"ಅಪ್ಪಾ, ಬನ್ನಿ," ಎಂದು ಮೆತ್ತಗೆ ಕರೆದಳು. "ಅಮ್ಮ ಜಿಂಕೆ. ಎರಡು ಬೇಬಿ. ಹಾಲು ಕುಡೀತಿವೆ."

"ಒಂದ್ನಿಮಿಷ ಇರು, ಬಂದೆ."

"ಅಪ್ಪಾ, ಬೇಗ."

"ಇರಮ್ಮಾ, ಆಯ್ತು!"

ಕಡ್ಡಿಗೆ ಕರವಸ್ತ್ರ ಸುತ್ತಿ ಅಂಚನ್ನೆಲ್ಲ ಕೆರೆದೆ. ಎದುರಿನ ಇಳಿಜಾರಿಗೆ ಹಿಡಿದು, ಜಿಂಕೆ ನಿಂತಿದ್ದ ಜಾಗಕ್ಕೆ ಒತ್ತಿದೆ. ಕೆಂಪಗೆ, ಸ್ಪಷ್ಟವಾಗಿ, ಅಂಕಿ ಮೂಡಿತು. "ನೂರ ಅರವತ್ತೆಂಟು! ನೋಡು, ನೂರ ಅರವತ್ತೆಂಟೇ ಇದ್ದದ್ದು! ಹೊಡೀಬಹುದಿತ್ತು!" ಎಂದು ಕೂಗಿದೆ.

ಕೂಗಿಗೆ ಕೆಳಗಿನ ಪೊದೆಯಲ್ಲಿ ಸರಸರ ಸದ್ದಾಯಿತು. ನಾನು ಮರದ ಹತ್ತಿರ ಹೋಗುವಷ್ಟರಲ್ಲಿ ಅಲ್ಲಿ ಹುಲ್ಲು ಮಾತ್ರ ಇತ್ತು. ಮಗಳು ಹಳೆಯ ದುರ್ಬೀನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಲಾಸ್ಟ್ ವೀಕೂ ಬರಬಹುದಿತ್ತು ಅಪ್ಪಾ," ಎಂದಳು. "ಸುಮ್ನೆ ನೋಡೋಕೆ."

ಬಿಸಿಲೇರುವವರೆಗೆ ಕೂತೆವು. ಮತ್ತೇನೂ ಬರಲಿಲ್ಲ.

ಮನೆಗೆ ಬಂದಾಗ ಬಾಗಿಲಿನವರೆಗೂ ಮಸಾಲೆಯ ಘಮ. ಅವ್ವ ಸೆರಗಿಗೆ ಕೈಯೊರೆಸುತ್ತಾ ಬಂದು ನಮ್ಮ ಖಾಲಿ ಕೈ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಮಗಳು ನನ್ನ ತೋಳು ಹಿಡಿದಳು.

"ಹೊಡೀಲಿಲ್ಲ ಅಜ್ಜಿ. ಆದ್ರೆ ಅಮ್ಮ ಜಿಂಕೆ ನೋಡ್ದೆ. ಎರಡು ಬೇಬಿ ಹಾಲು ಕುಡೀತಿತ್ತು."

"ಅಯ್ಯೋ ನನ್ ಕಂದಾ! ಹೊಡೀದಿದ್ದೇ ಒಳ್ಳೇದಾಯ್ತು ಬುಡು. ನಿಮ್ಮಪ್ಪನೂ ನೋಡುದ್ನಾ?"

ಮಗಳು ನನ್ನ ಕಡೆ ನೋಡಲಿಲ್ಲ.

"ಹ್ಞೂಂ ಅಜ್ಜಿ," ಎಂದಳು, "ಅಪ್ಪನೂ ನೋಡಿದ್ರು."