ಅತ್ತೆಮ್ಮ ಮತ್ತೆ ಹೊರಗೆ ಕೂತರು

ನೋಡಿ ಸ್ನೇಹಿತರೇ, ಮುಟ್ಟು ನಿಂತು ಎಷ್ಟೋ ವರ್ಷವಾದ ನಮ್ಮ ಅತ್ತೆ ಇವತ್ತು ಮತ್ತೆ ಹೊರಗೆ ಜಗಲಿಯಲ್ಲಿ ಕೂತಿದ್ದರು. ಊರಿಗೆ ಬಂದಿದ್ದ ಸರ್ಕಾರಿ ನರ್ಸಮ್ಮ ಕಂಡುಬಿಟ್ಟರು.

"ಈ ವಯಸ್ಸಲ್ಲಿ ರಕ್ತ ಹೋಗ್ಬಾರ್ದು ಕಣಜ್ಜಿ. ಗರ್ಭಕೋಶದ ಬಾಯಲ್ಲಿ ಕ್ಯಾನ್ಸರ್ ಇರ್ಬೋದು. ಬೆಂಗ್ಳೂರಲ್ಲಿ ತೋರ್ಸಿ. ತಡ ಮಾಡಿ ಎಷ್ಟೋ ಹೆಂಗಸ್ರು ಸಾಯ್ತಾವ್ರೆ."

ನರ್ಸಮ್ಮ ಹೋದದ್ದೇ ಅತ್ತೆ ಪಿಸುಗುಟ್ಟಿದರು: "ನಂಬ್ಬೇಡ ಕಣೇ. ಕರ್ಕೊಂಡೋಗಿ ಮಕ್ಳಾಗ್ದಂಗೆ ಆಪರೇಷನ್ ಮಾಡ್ಬಿಡ್ತಾರೆ."

ನರ್ಸಮ್ಮನ ಮೇಲೆ ನನಗೂ ಅನುಮಾನವೇ. ಆದರೆ ಮೊಮ್ಮಗಳ ಮದುವೆ ಮಾಡಿದವರಿಗೆ ಆ ಆಪರೇಷನ್ ಮಾಡಿ ಸರ್ಕಾರಕ್ಕೇನು ಲಾಭ?

"ನಾಳೆ ಹೋಗಾಣ ಅತ್ತೆಮ್ಮ."

"ಮೈಲಿಗೇಲಿ ಬಸ್ ಹತ್ತೋದಾ? ಎಲ್ಲಾ ಸಲದಂಗೆ ನಿಲ್ಲಲಿ, ಆಮೇಲೆ ನೋಡಾಣ."

ಎಲ್ಲಾ ಸಲದಂತೆ! ಮುಟ್ಟು ನಿಂತ ಮೇಲೆ ಇವತ್ತೇ ಮೊದಲ ಸಲವೆಂದು ಬೆಳಿಗ್ಗೆ ಹೇಳಿದ್ದವರೂ ಇವರೇ. ನಾವಿಬ್ಬರೂ ಅನುಮಾನಪಟ್ಟದ್ದು ಮಾತ್ರ ನರ್ಸಮ್ಮನ ಮೇಲೆ.