ಸೊಟ್ಟ ಹೆಂಚಿನ ಮಾಡು

ನನಗೆ ಮೊಮ್ಮಗಳು ಹುಟ್ಟಿದಳು. ಚೊಚ್ಚಲ ಮೊಮ್ಮಗು, ತಲೆ ತುಂಬ ಕೂದಲು. ಮಣಿಪಾಲದ ಆಸ್ಪತ್ರೆಯಿಂದ ಅಳಿಯ ಸುದ್ದಿ ತಂದಾಗ ನಾನು ಬೀಡಿ ಕಟ್ಟುತ್ತಿದ್ದೆ. ಎಲೆ, ನೂಲು ಎಲ್ಲ ಅಲ್ಲಿಯೇ ಬಿಟ್ಟು ಹೊಳೆದಂಡೆಯ ಸಾಲುಮನೆಗಳಿಗೆಲ್ಲ ಓಡಿ ಹೇಳಿ ಬಂದೆ. ಕೇಳಿದವರಿಗೇ ಮತ್ತೊಮ್ಮೆ ಹೇಳಿದೆ.

ಬಾಣಂತಿ, ಮಗು ಮನೆಗೆ ಬರುವ ದಿನವೇ ನನ್ನ ಗಂಡ ಮನೆಯ ಮಾಡಿನ ಹೆಂಚನ್ನೆಲ್ಲ ಇಳಿಸಿದರು, ಹೊಸತಾಗಿ ಹೊದೆಸಲಿಕ್ಕೆಂದು. ಮಳೆಗಾಲ ಹತ್ತಿರ ಬಂದಿತ್ತು. ಮಗುವಿನ ಮೇಲೆ ಒಂದು ಹನಿ ಸೋರಬಾರದು ಎಂಬ ಆಸೆ. ಆಸೆಯೇನೋ ಸರಿ, ಅದಕ್ಕೆ ಅದೇ ದಿನ ಆಗಬೇಕಿತ್ತೇ?

ಎಂಬತ್ತನೇ ಇಸವಿಯ ಆಚೀಚಿನ ಕಾಲ. ಉದ್ಯಾವರ ಹೊಳೆಬದಿಯ ಹೆಂಚಿನ ಕಾರ್ಖಾನೆಯಲ್ಲಿ ಅವರಿಗೆ ಹೆಂಚು ಸುಡುವ ಭಟ್ಟಿಯ ಕೆಲಸ. ಮಣ್ಣು ದೋಣಿಯಲ್ಲಿ ಬರುತ್ತಿತ್ತು, ಒಳ್ಳೆಯ ಹೆಂಚು ಲಾರಿಯಲ್ಲಿ ಹೋಗುತ್ತಿತ್ತು, ಬೆಂಕಿಯಲ್ಲಿ ಸೊಟ್ಟಗಾದದ್ದು ನಮ್ಮಂಥವರ ಮನೆ ಸೇರುತ್ತಿತ್ತು. ಸೊಟ್ಟ ಹೆಂಚು ಒಂದಕ್ಕೊಂದು ಕೂರುವುದಿಲ್ಲ. ಹೊಂದುವುದನ್ನು ಹುಡುಕಿ ಹುಡುಕಿ ಇಡಬೇಕು. ಸಾಲುಮನೆಗಳ ಗಂಡಸರೆಲ್ಲ ಸಹಾಯಕ್ಕೆಂದು ಮಾಡು ಹತ್ತಿದರು. ಎಲ್ಲರೂ ಹೆಂಚು ಮಾಡುವವರೇ, ಹೊದೆಸಿ ಗೊತ್ತಿದ್ದವರು ಒಬ್ಬರೂ ಇಲ್ಲ. ಒಬ್ಬ ಇಟ್ಟದ್ದನ್ನು ಇನ್ನೊಬ್ಬ ತೆಗೆದ.

"ಇದು ನೀನು ಬೆಂಕಿ ಹಾಕಿದ ದಿನದ್ದು ಮಾರಾಯ. ನೋಡು, ದೋಣಿಯ ಹಾಗೆ ಉಂಟು."

"ನನ್ನದು ಹೀಗೆ ಬಾಗುವುದಿಲ್ಲ. ನಿನ್ನ ಮೂಗಿನ ಹಾಗೆಯೇ ಉಂಟಲ್ವಾ, ನಿನ್ನದೇ."

ನಾನು ಅಂಗಳದಿಂದ ಕೂಗಿದೆ: "ಹೆಂಚಿನ ಜಾತಕ ಆಮೇಲೆ ನೋಡಿ. ಮಗು ಮಲಗುವ ಕೋಣೆಯನ್ನಾದರೂ ಮೊದಲು ಮುಚ್ಚಿ."

"ಈಗ ಆಯಿತು ಮಾರಾಯ್ತಿ," ಎಂದರು ನನ್ನ ಗಂಡ. ಬೆಳಿಗ್ಗೆಯಿಂದ ಅದೇ ಉತ್ತರ.

ಬಿಸಿಲು ಇಳಿಯುವ ಮೊದಲೇ ಕಾರು ಬಂತು. ಮಗಳು ಮಗುವನ್ನು ಎತ್ತಿಕೊಂಡು ಇಳಿದು ಆಕಾಶ ಕಾಣುವ ಮನೆಯನ್ನು ನೋಡಿ ಅತ್ತಳು. ನೆರೆಮನೆಯ ಬಾಯಮ್ಮ ಅವಳನ್ನು ತಮ್ಮ ಮನೆಯ ಚಾವಡಿಯಲ್ಲಿ ಮಲಗಿಸಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ನಮ್ಮ ಅಂಗಳಕ್ಕೆ ಬಂದರು.

"ಊರಿಗೆಲ್ಲ ಹೆಂಚು ಮಾಡುತ್ತೀರಿ. ಇಷ್ಟು ಸಣ್ಣ ತಲೆ ಮುಚ್ಚಲಿಕ್ಕೆ ಆಗುವುದಿಲ್ಲವಾ? ಹಾಗಾದರೆ ಇದು ಇನ್ನು ನನ್ನ ಮನೆಯದ್ದು."

ನನ್ನ ಗಂಡ ಮೊಮ್ಮಗಳ ಮುಖ ಮೊದಲ ಸಲ ನೋಡಿದ್ದು ಆಗಲೇ, ಮಾಡಿನ ಮರದ ಪಕ್ಕಾಸಿನ ಮೇಲೆ ಕುಳಿತುಕೊಂಡು. ಆಮೇಲೆ ಒಬ್ಬ ಇಟ್ಟದ್ದನ್ನು ಇನ್ನೊಬ್ಬ ತೆಗೆಯಲಿಲ್ಲ. ಕತ್ತಲಾಗುವುದರೊಳಗೆ ಆ ಕೋಣೆ ಮುಚ್ಚಿತು. ಅಡುಗೆಮನೆ ಬಯಲಾಗಿಯೇ ಉಳಿಯಿತು.

ಮಗು ಹೆಂಚಿನಡಿ ನಿದ್ದೆ ಹೋಯಿತು. ಮಗಳು, ಅಳಿಯ, ನಾವಿಬ್ಬರು ಅಡುಗೆಮನೆಯಲ್ಲಿ ನಕ್ಷತ್ರದಡಿ ಉಣ್ಣಲು ಕುಳಿತೆವು. ಗಾಳಿ ಬಂದಾಗಲೆಲ್ಲ ಪಕ್ಕಾಸಿನ ಹಳೆಯ ಮಸಿ ಉದುರಿ ಸಾರಿಗೆ ಬೀಳುತ್ತಿತ್ತು. ನಾನು ಬೈಯುತ್ತ ಬಡಿಸಿದೆ. ನನ್ನ ಗಂಡ ನಗುತ್ತ ಉಂಡರು.