ರೋಸಿನ ದಿನ ಕಿತ್ತ ಹತ್ತಿ

ಕಿವಿಯ ಹಿಂದಿನ ಮೂಳೆ ಕೊರೆದು ಸೋಂಕು ತೆಗೆದ ಮೇಲೆ ಡಾಕ್ಟರು ಹೇಳಿದ್ದು ಒಂದೇ ಮಾತು: ಈ ಕಿವಿಗೆ ಇನ್ನು ನೀರು ಹೋಗಬಾರದು. ಸ್ನಾನಕ್ಕೆ ಮೊದಲು ವ್ಯಾಸಲಿನ್ ಹಚ್ಚಿದ ಹತ್ತಿ ಇಟ್ಟುಕೊಳ್ಳಬೇಕು. ಅದೇನು ಮಹಾ ಎಂದುಕೊಂಡಿದ್ದೆ. ಆದರೆ ಮರುವರ್ಷವೇ ಮದುವೆ ನಿಶ್ಚಯವಾಯಿತು. ಮದುವೆಯೆಂದರೆ ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಮುನ್ನಾದಿನ ರೋಸ್ ಇದ್ದೇ ಇದೆ. ಮದುಮಗಳನ್ನು ಕೂರಿಸಿ ನೆಂಟರೆಲ್ಲ ಸರದಿಯಂತೆ ಎಣ್ಣೆ ಹಚ್ಚಿ, ತಲೆಗೆ ತೆಂಗಿನ ಹಾಲು ಸುರಿಯುವ ಶಾಸ್ತ್ರ.

ಕೆಮ್ಮಣ್ಣು ಊರಿನ ನಮ್ಮ ಮನೆಯಂಗಳದಲ್ಲಿ ಹತ್ತಿ ತುರುಕಿಕೊಂಡೇ ಕುಳಿತೆ. ಅಪ್ಪ, ಅಮ್ಮ ಬೆರಳದ್ದಿ ಹಣೆಗೆ ಹಚ್ಚಿ ಮುಗಿಸಿದರು. ಬಳಿಕ ಅಮ್ಮನ ಅಕ್ಕ, ನನ್ನ ಮಾವ್ಶಿ ಬಂದರು. ನನ್ನನ್ನು ಎತ್ತಿ ಆಡಿಸಿದವರು. ಅವರ ಮುಂದೆ ಅಮ್ಮನೂ ಬಾಯಿ ಬಿಡುವುದಿಲ್ಲ.

"ಇದೆಂತದು? ರೋಸಿಗೆ ಹತ್ತಿ ಇಟ್ಟ ಮದುಮಗಳನ್ನು ನಾನು ಕಂಡಿಲ್ಲ. ಫೋಟೋದಲ್ಲಿ ಬರ್ತದೆ ಮಾರಾಯ್ತಿ!" ಎಂದವರೇ ಹತ್ತಿ ಕಿತ್ತು ಚೊಂಬು ಬಗ್ಗಿಸಿದರು. ಹಾಡುತ್ತಿದ್ದವರೆಲ್ಲ ನಕ್ಕರು.

ಬೆಳ್ಮಣ್ಣು ಊರಿನ ಗಂಡನ ಮನೆಯಲ್ಲಿ ಹೊಸ ಸೀರೆಗಳ ಮಡಿಕೆ ಬಿಡಿಸುವ ಮೊದಲೇ ಕಿವಿ ಸೋರಿ ನನ್ನ ದಿಂಬು ನಾರತೊಡಗಿತು. ದಿನಾ ಅದರ ಕವರ್ ಒಗೆಯುವುದನ್ನು ಕಂಡು, ಸೊಸೆ ಬಹಳ ಶುಚಿ ಎಂದು ಅತ್ತೆ ಹೊಗಳಿದರು. ಕೊನೆಗೆ ಗಂಡನಿಗೆ ಹೇಳಿದೆ. ಅವರು ಉಡುಪಿಯ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಸೋಂಕು ಮತ್ತೆ ಮೂಳೆಗೆ ಇಳಿದಿತ್ತು. ಈ ಸಲ ಮುಖದ ನರದ ಪಕ್ಕದಲ್ಲೇ ಕೊರೆಯಬೇಕು, ನರಕ್ಕೆ ಪೆಟ್ಟಾದರೆ ಬಾಯಿ ಸೊಟ್ಟಗಾಗಬಹುದು ಎಂದರು ಡಾಕ್ಟರು. ತೆಂಗಿನ ಹಾಲೊಂದೇ ಕಾರಣ ಎನ್ನಲಾಗದು, ಹಳೆಯದೇ ಸ್ವಲ್ಪ ಉಳಿದಿರಬಹುದು ಎಂದೂ ಹೇಳಿದರು. ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ನನಗೆ ಮಾವ್ಶಿಯ ಮೇಲೆ ಸಿಟ್ಟು ಬೇಕಿತ್ತು. ಮದುವೆಯ ಆಲ್ಬಮ್ ಕೂಡ ಇನ್ನೂ ಕೈಗೆ ಬಂದಿರಲಿಲ್ಲ. ಅದರೊಳಗಿನ ಮುಖ ಇನ್ನು ನನಗೆ ಉಳಿಯದೇನೋ ಎಂದು ಹೆದರಿ ಬಸ್ಸಿನಲ್ಲೇ ಅತ್ತುಬಿಟ್ಟೆ. ಮಾವ್ಶಿಯ ಫೋನು ಬಂದರೆ ಎತ್ತುವುದನ್ನೂ ಬಿಟ್ಟೆ.

ಆಪರೇಷನ್ನಿನ ಮರುದಿನ ಬೆಳಿಗ್ಗೆ, ಅಮ್ಮ ಎಷ್ಟು ಬೇಡವೆಂದರೂ ಕೇಳದೆ ಮಾವ್ಶಿ ವಾರ್ಡಿಗೆ ಬಂದು ಮಂಚದ ಕಾಲ ಬಳಿ ನಿಂತರು. ಮುಖ ತಿರುಗಿಸೋಣವೆಂದರೆ ತಲೆ ತುಂಬ ಬ್ಯಾಂಡೇಜ್. ಅದೇ ಹೊತ್ತಿಗೆ ಡಾಕ್ಟರೂ ಬಂದರು.

"ಕಣ್ಣು ಗಟ್ಟಿ ಮುಚ್ಚಿ. ಹಾಂ. ಈಗ ಹಲ್ಲು ಕಾಣುವ ಹಾಗೆ ನಗಿ."

ನಕ್ಕೆ.

"ಎರಡೂ ಕಡೆ ಸರಿ ಉಂಟು," ಎಂದು ಅವರು ಪಕ್ಕದ ಮಂಚಕ್ಕೆ ಹೋದರು.

ಮಾವ್ಶಿ ನನ್ನ ಕಾಲು ಹಿಡಿದುಕೊಂಡು ಗೊಳೋ ಎಂದು ಅತ್ತರು. "ನಗಾಡಿದಳಲ್ಲ, ನನ್ನನ್ನು ನೋಡಿ ನಗಾಡಿದಳಲ್ಲ," ಎಂದು ಅಮ್ಮನಿಗೆ ಹೇಳುತ್ತಲೇ ಇದ್ದರು.

ಆ ನಗು ಡಾಕ್ಟರು ಹೇಳಿ ಮಾಡಿಸಿದ್ದು, ಅವರಿಗೆ ಕೊಟ್ಟದ್ದಲ್ಲ. ಹಾಗೆಂದು ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿ ಮತ್ತೊಮ್ಮೆ ನಕ್ಕೆ.